ಮಳೆಯಿಲ್ಲದೆ ನಿಮ್ಮ ಊರು ಎಷ್ಟು ದಿನ ತಾಳುತ್ತದೆ? ಹಳ್ಳಿ ಮಟ್ಟದಲ್ಲಿ ಬರದ ಅಪಾಯ ಅಳೆಯುವ ಬಗೆ

ಆಗಸ್ಟ್ ತಿಂಗಳಲ್ಲಿ ಮೋಡ ಮುಖ ತಿರುಗಿಸಿದರೆ ಸಾಕು, ಓದುಗರಿಂದ ಒಂದೇ ಪ್ರಶ್ನೆ ಬರತೊಡಗುತ್ತದೆ: "ಪಕ್ಕದ ತಾಲ್ಲೂಕು ಬರಪೀಡಿತ ಎಂದು ಘೋಷಣೆಯಾಗಿದೆ, ನಮ್ಮದು ಆಗಿಲ್ಲ. ನಮ್ಮ ಊರಿಗೆ ನಿಜವಾಗಿ ಎಷ್ಟು ಅಪಾಯವಿದೆ ಎಂದು ತಿಳಿಯುವುದು ಹೇಗೆ?"

ಘೋಷಣೆಯ ಪಟ್ಟಿಯಿಂದ ಅದು ತಿಳಿಯುವುದಿಲ್ಲ. ಪಟ್ಟಿ ಹೇಳುವುದು ಆಗಿಹೋದದ್ದನ್ನು, ಅದೂ ತಾಲ್ಲೂಕಿನ ಲೆಕ್ಕದಲ್ಲಿ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ಹೆಚ್ಚುಕಡಿಮೆ ಎಲ್ಲರ ಹೆಸರೂ ಇರುವ ಪಟ್ಟಿಯಿಂದ, ಮುಂದಿನ ಸಲ ಮಳೆ ಹಿಂದೆ ಸರಿದಾಗ ಮೊದಲು ಒಣಗುವ ಹೊಲ ಯಾವುದು, ಮೊದಲು ಬತ್ತುವ ಕೊಳವೆಬಾವಿ ಯಾವುದು ಎಂದು ಗೊತ್ತಾಗುವುದಿಲ್ಲ. ಅದನ್ನು ಊರಿನವರೇ ಲೆಕ್ಕ ಹಾಕಿಕೊಳ್ಳಬೇಕು. ಕೂಡಿಸುವುದು, ಭಾಗಿಸುವುದು, ಎಣಿಸುವುದು ಬಂದರೆ ಸಾಕು.

ಇಲ್ಲಿ ಹೇಳುವ ವಿಧಾನದ ತಿರುಳು ಎರಡು ಪ್ರಶ್ನೆಗಳಲ್ಲಿದೆ. ಮಳೆಯಿಲ್ಲದೆ ನಮ್ಮ ಹೊಲ, ಬಾವಿ, ಮೇವಿನ ಬಣವೆ ಎಷ್ಟು ದಿನ ತಾಳುತ್ತವೆ? ಅದಕ್ಕಿಂತ ಉದ್ದದ ಮಳೆ ಬಿಡುವು ಎಷ್ಟು ವರ್ಷಕ್ಕೊಮ್ಮೆ ಬರುತ್ತದೆ? ಹೀಗಾಗಿ ಎಲ್ಲವನ್ನೂ ಮಿಲಿಮೀಟರಿನಿಂದ ದಿನ ಮತ್ತು ವಾರಗಳ ಲೆಕ್ಕಕ್ಕೆ ಇಳಿಸುತ್ತಾ ಹೋಗುತ್ತೇವೆ.

ಉದಾಹರಣೆಗಳು ಕರ್ನಾಟಕದ ಮಳೆಯಾಶ್ರಿತ ಬಯಲುಸೀಮೆಯವು. ಮಲೆನಾಡಿನವರಿಗೆ ನಾಲ್ಕನೇ ಹಂತದವರೆಗಿನ ಲೆಕ್ಕಕ್ಕಿಂತ ಐದನೇ ಹಂತ ಮುಖ್ಯವಾಗಬಹುದು.

ಏನೇನು ಬೇಕು

ಕನಿಷ್ಠ 20 ವರ್ಷಗಳ, ಸಾಧ್ಯವಾದರೆ 30 ವರ್ಷಗಳ ದಿನವಾರು ಮಳೆ ಲೆಕ್ಕ. ಊರಿನ ಸರ್ವೆ ನಕ್ಷೆ. ಒಂದು ಗುದ್ದಲಿ, ಒಂದು ಅಳತೆ ಪಟ್ಟಿ, ಬಾವಿಯ ಆಳಕ್ಕೆ ಸಾಕಾಗುವ ಹಗ್ಗ ಮತ್ತು ತೂಕದ ಗುಂಡು. ಕಂಪ್ಯೂಟರಿನಲ್ಲಿ ಎಕ್ಸೆಲ್ ಇದ್ದರೆ ಕೆಲಸ ಹಗುರ, ಇಲ್ಲದಿದ್ದರೆ ಗೆರೆ ಎಳೆದ ನೋಟ್‌ಬುಕ್ ನಡೆಯುತ್ತದೆ. ಜೊತೆಗೆ ಊರಿನಲ್ಲಿ ಬೇರೆ ಬೇರೆ ಕಡೆ ಹೊಲವಿರುವ ನಾಲ್ಕೈದು ಮಂದಿ ಬೇಕು. ಅವರಲ್ಲಿ ಒಬ್ಬರಾದರೂ ಕುರಿ ಅಥವಾ ದನ ಸಾಕಿದವರಿರಲಿ, ಒಬ್ಬರಾದರೂ ಮಹಿಳೆ ಇರಲಿ. ಕುಡಿಯುವ ನೀರಿನ ಕಷ್ಟ ಯಾವ ತಿಂಗಳು ಶುರುವಾಗುತ್ತದೆ ಎಂಬ ಪ್ರಶ್ನೆಗೆ ಗಂಡಸರು ಕೊಡುವ ಉತ್ತರವನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಈ ಕೆಲಸ ಫೆಬ್ರುವರಿಯಿಂದ ಏಪ್ರಿಲ್ ಒಳಗೆ ಮುಗಿಯಬೇಕು. ಬಿತ್ತನೆ ಬೀಜ ಮನೆಗೆ ಬಂದ ಮೇಲೆ ಲೆಕ್ಕ ಹಾಕಿದರೆ ಪ್ರಯೋಜನ ಕಡಿಮೆ.

1. ಮಳೆ ಲೆಕ್ಕ ಕೂಡಿಸಿಕೊಳ್ಳಿ

ಕರ್ನಾಟಕದವರಿಗೆ ಒಂದು ಅನುಕೂಲವಿದೆ. ಬೆಂಗಳೂರಿನ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 1988ರಲ್ಲಿ ಬರದ ಮೇಲೆ ಕಣ್ಣಿಡುವ ಘಟಕವಾಗಿಯೇ ಹುಟ್ಟಿದ್ದು. ಈಗ ಅದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ನಡೆಸುತ್ತದೆ. 'ವರುಣಮಿತ್ರ' ಸಹಾಯವಾಣಿಯಿಂದ ಹವಾಮಾನದ ಮಾಹಿತಿ ಕೇಳಬಹುದು. ಆದರೆ ಪಂಚಾಯಿತಿಯ ಮಾಪಕಗಳಿಗೆ ವಯಸ್ಸು ಸಾಲದು; 30 ವರ್ಷದ ಹಿಂದಿನ ಲೆಕ್ಕ ಅವುಗಳಲ್ಲಿಲ್ಲ. ಹಳೆಯದಕ್ಕೆ ತಾಲ್ಲೂಕು ಕಚೇರಿಯ ಮಳೆ ದಾಖಲೆ ಕೇಳಿ. ಹತ್ತಿರದಲ್ಲಿ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದ್ದರೆ ಮೊದಲು ಅಲ್ಲಿಗೇ ಹೋಗಿ, ಅಲ್ಲಿಯ ದಿನವಾರು ದಾಖಲೆ ಸಾಮಾನ್ಯವಾಗಿ ಅಚ್ಚುಕಟ್ಟಾಗಿರುತ್ತದೆ.

ಎಲ್ಲೂ ಸಿಗದಿದ್ದರೆ ಎರಡು ಉಚಿತ ಮೂಲಗಳಿವೆ. ಭಾರತೀಯ ಹವಾಮಾನ ಇಲಾಖೆಯ ಚೌಕವಾರು ಮಳೆ ದತ್ತಾಂಶ 1901ರಿಂದ ಇದೆ. ಪ್ರತಿ ಚೌಕ ಸುಮಾರು 25 ಕಿ.ಮೀ. ಅಗಲ. 'ಚಿರ್ಪ್ಸ್' ಎಂಬ ಉಪಗ್ರಹ ಆಧಾರಿತ ದತ್ತಾಂಶ 1981ರಿಂದ ಇದ್ದು, ಅದರ ಚೌಕ ಸುಮಾರು 5 ಕಿ.ಮೀ. ಎರಡಕ್ಕೂ ಒಂದು ದೋಷವಿದೆ. ಚೌಕದ ಒಂದು ಮೂಲೆಯಲ್ಲಿ ಸುರಿದದ್ದನ್ನು ಇಡೀ ಚೌಕಕ್ಕೆ ಹಂಚುವುದರಿಂದ, ನಿಮ್ಮ ಊರಿನಲ್ಲಿ ಒಂದು ಹನಿಯೂ ಬೀಳದ ದಿನ ತುಂತುರು ಬಿದ್ದಂತೆ ಕಾಣುತ್ತದೆ. ಒಣ ದಿನಗಳನ್ನು ಎಣಿಸುವ ನಮಗೆ ಇದು ದೊಡ್ಡ ಮೋಸ. ಇದಕ್ಕೆ ಮದ್ದು ನಾಲ್ಕನೇ ಹಂತದಲ್ಲಿದೆ.

ಇನ್ನೂ ಕೆಲವು ಎಚ್ಚರಿಕೆಗಳು. ಹವಾಮಾನ ಇಲಾಖೆಯ 'ದಿನ' ಮುಗಿಯುವುದು ಬೆಳಗ್ಗೆ 8.30ಕ್ಕೆ. ಸೋಮವಾರ ರಾತ್ರಿ ಸುರಿದ ಮಳೆ ಮಂಗಳವಾರದ ಲೆಕ್ಕದಲ್ಲಿರುತ್ತದೆ. ಊರಿನವರ ನೆನಪಿನೊಂದಿಗೆ ತಾಳೆ ನೋಡುವಾಗ ಇದನ್ನು ಮರೆಯಬೇಡಿ. ದಾಖಲೆಯಲ್ಲಿ ಖಾಲಿ ಬಿಟ್ಟ ಮನೆ ಸೊನ್ನೆಯಲ್ಲ. ಮಾಪಕ ಕೆಟ್ಟ ತಿಂಗಳನ್ನು 'ಮಳೆ ಇಲ್ಲ' ಎಂದು ಬರೆದುಕೊಂಡರೆ ಇಲ್ಲದ ಬರ ಹುಟ್ಟಿಕೊಳ್ಳುತ್ತದೆ. ಪಂಚಾಯಿತಿಯ ಮಾಪಕವನ್ನು ಒಮ್ಮೆ ಕಣ್ಣಾರೆ ನೋಡಿಬನ್ನಿ. ಮೇಲೆ ಬೇವಿನ ಕೊಂಬೆ ಚಾಚಿದೆಯೇ, ಬಾಯಿಗೆ ಜೇಡರ ಬಲೆ ಕಟ್ಟಿದೆಯೇ, ಪಕ್ಕದಲ್ಲೇ ಕಟ್ಟಡ ಎದ್ದಿದೆಯೇ ಎಂದು ಗಮನಿಸಿ, ಕಂಡದ್ದನ್ನು ಬರೆದಿಡಿ.

ಊರಿನದೇ ಮಾಪಕ ಈ ವರ್ಷವೇ ಶುರುವಾಗಲಿ. ನೇರ ಗೋಡೆಯ, ಚಪ್ಪಟೆ ತಳದ ಯಾವ ಡಬ್ಬಿಯಾದರೂ ಸರಿ. ಬಯಲಿನಲ್ಲಿಟ್ಟು ದಿನವೂ ಬೆಳಗ್ಗೆ 8.30ಕ್ಕೆ ನೀರಿನ ಎತ್ತರವನ್ನು ಅಳತೆ ಪಟ್ಟಿಯಿಂದ ನೋಡಿ ಚೆಲ್ಲಿ. ಕತ್ತು ಕಿರಿದಾದ ನೀರಿನ ಬಾಟಲಿ, ಬುಡ ಸಣ್ಣಗಾಗುತ್ತಾ ಹೋಗುವ ಬಕೆಟ್ ಬೇಡ, ಎರಡೂ ತಪ್ಪು ಅಳತೆ ಕೊಡುತ್ತವೆ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಎಕರೆಗೆ ಸುಮಾರು 4,000 ಲೀಟರ್ ನೀರು.

2. ಮಣ್ಣಿನ ತಾಳಿಕೆಯನ್ನು ದಿನಗಳಲ್ಲಿ ಕಂಡುಕೊಳ್ಳಿ

ಒಂದೇ ಊರಿನಲ್ಲಿ, ಒಂದೇ ಮಳೆಯಲ್ಲಿ ಒಂದು ಹೊಲ ಒಣಗಿ ಇನ್ನೊಂದು ಹಸಿರಾಗಿರುವುದಕ್ಕೆ ಕಾರಣ ಮಣ್ಣು. ಬಹಳ ಜನ ದಾಟಿಹೋಗುವ ಹಂತ ಇದೇ.

ಊರಿನ ನಕ್ಷೆಯಲ್ಲಿ ಎರೆ ಭೂಮಿ, ಕೆಂಪು ಮಣ್ಣು, ಗರಸು ಮಿಶ್ರಿತ ತೆಳು ಮಣ್ಣು ಎಂದು ಮೂರು ಬಣ್ಣ ಹಚ್ಚಿ. ಪ್ರತಿಯೊಂದರಲ್ಲೂ ಎರಡು ಮೂರು ಕಡೆ ಗುಂಡಿ ತೋಡಿ, ಬೇರು ಎಲ್ಲಿಯವರೆಗೆ ಇಳಿಯಬಲ್ಲದು ಎಂದು ಅಳೆಯಿರಿ. ಗುಂಡಿ ತೋಡಲು ಬೇಸರವಾದರೆ ಹೊಸ ಕೃಷಿ ಹೊಂಡದ ಗೋಡೆ, ರಸ್ತೆಗಾಗಿ ಕಡಿದ ದಿಣ್ಣೆ ನೋಡಿ, ಮಣ್ಣು ಎಲ್ಲಿ ಮುಗಿದು ಗರಸು ಎಲ್ಲಿ ಶುರುವಾಗುತ್ತದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಸುಜಲಾ-3 ಯೋಜನೆ ನಡೆದ ಜಲಾನಯನ ಪ್ರದೇಶಗಳಲ್ಲಿ ಮಣ್ಣಿನ ಆಳ, ಗುಣಗಳನ್ನು ಸರ್ವೆ ನಂಬರುವಾರು ದಾಖಲಿಸಲಾಗಿದೆ. ನಿಮ್ಮ ಊರು ಅದರಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ.

ಈಗ ಲೆಕ್ಕ. ಮಣ್ಣು ಹಿಡಿದಿಟ್ಟುಕೊಂಡು ಬೇರಿಗೆ ಕೊಡಬಲ್ಲ ನೀರನ್ನು 'ಲಭ್ಯ ತೇವಾಂಶ' ಎನ್ನುತ್ತಾರೆ. ಸ್ಥೂಲವಾಗಿ, ಒಂದು ಮೀಟರ್ ಆಳದ ಜೇಡಿ ಎರೆ ಮಣ್ಣಿನಲ್ಲಿ ಇದು 150ರಿಂದ 200 ಮಿ.ಮೀ.; ಕೆಂಪು ಮರಳುಗೋಡು ಮಣ್ಣಿನಲ್ಲಿ ಸುಮಾರು 100 ಮಿ.ಮೀ.; ಗರಸು ಹೆಚ್ಚಿದಷ್ಟೂ ಇನ್ನೂ ಕಡಿಮೆ.

ಕೆಂಪು ಮಣ್ಣು 40 ಸೆಂ.ಮೀ. ಆಳವಿದೆ ಎಂದುಕೊಳ್ಳಿ. ಅದು ತುಂಬಿದಾಗ ಹಿಡಿಯುವುದು 40 ಮಿ.ಮೀ. ಎದೆಯೆತ್ತರದ ಬೆಳೆಯಾಗಲಿ, ನೆಲ ಮುಚ್ಚಿದ ಶೇಂಗಾ ಆಗಲಿ, ಬಿಸಿಲಿನ ದಿನ 4ರಿಂದ 5 ಮಿ.ಮೀ. ನೀರು ಎಳೆಯುತ್ತದೆ. ಅಂದರೆ ಎಂಟು ಹತ್ತು ದಿನದ ದಾಸ್ತಾನು. ಅದರಲ್ಲೂ ಮೊದಲ ಅರ್ಧವನ್ನಷ್ಟೇ ಬೆಳೆ ಸಲೀಸಾಗಿ ಎಳೆದುಕೊಳ್ಳುತ್ತದೆ. ನಾಲ್ಕೈದನೇ ದಿನಕ್ಕೇ ಮಧ್ಯಾಹ್ನ ಎಲೆ ಮುದುಡತೊಡಗುತ್ತದೆ. ಮುದುಡಿದ ಎಲೆ ನೀರಿನ ಖರ್ಚು ತಗ್ಗಿಸುವುದರಿಂದ ಇನ್ನು ಮೂರ್ನಾಲ್ಕು ದಿನ ಹೆಚ್ಚು ದೂಡಬಹುದು. ಒಟ್ಟು 12 ದಿನ ಎಂದಿಟ್ಟುಕೊಳ್ಳೋಣ. ಇದೇ ಆ ಹೊಲದ ತಾಳಿಕೆ.

90 ಸೆಂ.ಮೀ. ಆಳದ ಎರೆ ಭೂಮಿಗೆ ಇದೇ ಲೆಕ್ಕ ಹಾಕಿದರೆ 30 ದಿನ ದಾಟುತ್ತದೆ. ಆದರೆ ಒಂದು ಷರತ್ತು: ಅದು ಮೊದಲು ತುಂಬಿರಬೇಕು. ವಿಜಯಪುರ ಕಡೆಯ ಹಿಂಗಾರಿ ಜೋಳ ಬೆಳೆಯುವುದು ಬಹುಮಟ್ಟಿಗೆ ಸೆಪ್ಟೆಂಬರ್ ಮಳೆ ನೆಲದೊಳಗೆ ಇಟ್ಟುಹೋದ ತೇವದ ಮೇಲೆ. ಹಾಗಾಗಿ ಎರಡೂ ಮಣ್ಣಿಗೆ ಕೇಳಬೇಕಾದ ಪ್ರಶ್ನೆ ಬೇರೆ ಬೇರೆ. ಕೆಂಪು ಮಣ್ಣಿನಲ್ಲಿ "ಮಳೆ ಎಷ್ಟು ದಿನ ಬಿಡುವು ಕೊಟ್ಟಿತು?" ಎಂದು ಕೇಳಿ. ಎರೆಯ ಹಿಂಗಾರಿಗೆ "ಬಿತ್ತುವ ಹೊತ್ತಿಗೆ ನೆಲ ಎಷ್ಟು ಆಳಕ್ಕೆ ನೆನೆದಿತ್ತು?" ಎಂದು ಕೇಳಿ. ಎರಡಕ್ಕೂ ಒಂದೇ ಮಾನದಂಡ ಹಚ್ಚುವ ವರದಿಗಳನ್ನು ನೋಡಿದಾಗ, ಬರೆದವರು ಹೊಲಕ್ಕೆ ಹೋಗಿಲ್ಲ ಎಂದು ಗೊತ್ತಾಗಿಬಿಡುತ್ತದೆ.

ಕಾಗದದ ಲೆಕ್ಕವನ್ನು ರೈತರ ಮುಂದಿಟ್ಟು ಸರಿಪಡಿಸಿಕೊಳ್ಳಿ. ಕೇಳಬೇಕಾದದ್ದು ಇಷ್ಟೇ: "ಒಳ್ಳೆಯ ಮಳೆಯಾದ ಮೇಲೆ ಎಷ್ಟನೇ ದಿನಕ್ಕೆ, ಮಧ್ಯಾಹ್ನ ಬಾಡಿದ ಬೆಳೆ ಮರುದಿನ ಬೆಳಗ್ಗೆಯೂ ಏಳದೆ ಉಳಿಯುತ್ತದೆ?" ನಿಮ್ಮ 12ಕ್ಕೆ ಅವರು 15 ಎಂದರೆ ಅವರ ಮಾತನ್ನೇ ಹಿಡಿಯಿರಿ.

3. ಬೆಳೆಯ ನಾಜೂಕಿನ ದಿನಗಳನ್ನು ಗುರುತಿಸಿ

ಬಿಡುವು ಎಲ್ಲ ದಿನಗಳಲ್ಲೂ ಒಂದೇ ಹಾನಿ ಮಾಡುವುದಿಲ್ಲ. ತೆಂಡೆ ಹೊಡೆಯುವ ಮೊದಲು ಬಿಸಿಲು ಕಂಡ ರಾಗಿ ಮಳೆ ಬಂದಾಗ ಚೇತರಿಸಿಕೊಳ್ಳಬಲ್ಲದು. ಹೂವಾಡುವಾಗ ಕಂಡರೆ ಕಾಳು ಜೊಳ್ಳು. ಮೆಕ್ಕೆಜೋಳಕ್ಕೆ ಸೂಲಂಗಿ ಬಂದು ತೆನೆಯ ರೇಷ್ಮೆ ಹೊರಡುವ ಎರಡು ಮೂರು ವಾರ ಅತಿ ನಾಜೂಕು. ಶೇಂಗಾಕ್ಕೆ ಹೂ ಬಿಟ್ಟು, ಹೂವಿನ ಬುಡದಿಂದ ಹೊರಟ ಕಡ್ಡಿ ನೆಲಕ್ಕಿಳಿದು ಕಾಯಿಯಾಗುವವರೆಗೆ. ಮೇಲ್ಮಣ್ಣು ಒಣಗಿ ಗಟ್ಟಿಯಾದರೆ ಆ ಕಡ್ಡಿ ಒಳಗಿಳಿಯುವುದೇ ಇಲ್ಲ. ತೊಗರಿಗೆ ಹೂ ಮತ್ತು ಕಾಯಿ ಕಟ್ಟುವ ಕಾಲ.

ಊರಿನ ಮುಖ್ಯ ಎರಡು ಮೂರು ಬೆಳೆಗೆ, ಸಾಮಾನ್ಯವಾಗಿ ಬಿತ್ತುವ ದಿನದಿಂದ ಎಣಿಸಿ, ಈ ಅವಧಿ ಯಾವ ತಾರೀಖಿನಿಂದ ಯಾವ ತಾರೀಖಿಗೆ ಬೀಳುತ್ತದೆ ಎಂದು ಬರೆಯಿರಿ. ಜೂನ್ ಕೊನೆಯಲ್ಲಿ ಬಿತ್ತಿದ ಶೇಂಗಾಕ್ಕೆ ಅದು ಹೆಚ್ಚುಕಡಿಮೆ ಜುಲೈ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರ. ಹಿರಿಯರ ಜೊತೆ ಕೂತಾಗ ತಾರೀಖು ಹೇಳಿದರೆ ಮಾತು ಮುಂದುವರಿಯುವುದಿಲ್ಲ. ಮಳೆ ನಕ್ಷತ್ರ ಹೇಳಿ. ಆಶ್ಲೇಷ ಎಂದರೆ ಆಗಸ್ಟ್ ಆರಂಭದ ಎರಡು ವಾರ, ಮಘೆ ಆಗಸ್ಟ್ ಉತ್ತರಾರ್ಧ, ಪುಬ್ಬೆ ಸೆಪ್ಟೆಂಬರ್ ಮಧ್ಯದವರೆಗೆ. "ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆ ಮಗ ಉಂಡಷ್ಟೂ ಒಳ್ಳೆಯದು" ಎನ್ನುವವರಿಗೆ ಮಘೆ ಕೈಕೊಟ್ಟ ವರ್ಷಗಳು ಚೆನ್ನಾಗಿ ನೆನಪಿರುತ್ತವೆ.

4. ಎಣಿಸಿ

ಇಲ್ಲಿಯವರೆಗಿನದೆಲ್ಲ ಈ ಹಂತಕ್ಕಾಗಿ. 30 ವರ್ಷಗಳ ದಿನವಾರು ಮಳೆ ಹರಡಿಕೊಂಡು, ಪ್ರತಿ ವರ್ಷದ ಆ ನಾಜೂಕಿನ ಅವಧಿಯನ್ನಷ್ಟೇ ನೋಡಿ. ಅದರೊಳಗೆ ಮಣ್ಣಿನ ತಾಳಿಕೆಗಿಂತ ಉದ್ದದ ಬಿಡುವು, ನಮ್ಮ ಉದಾಹರಣೆಯಲ್ಲಿ 12 ದಿನಕ್ಕಿಂತ ಹೆಚ್ಚು, ಬಿದ್ದಿದೆಯೇ? ಬಿದ್ದಿದ್ದರೆ ಆ ವರ್ಷಕ್ಕೊಂದು ಗುರುತು.

ಬಿಡುವು ಮುರಿಯಿತು ಎಂದು ಯಾವಾಗ ಹೇಳುವುದು? ಹವಾಮಾನ ಇಲಾಖೆಯ ಪ್ರಕಾರ 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಅದು 'ಮಳೆ ದಿನ'. ನಮ್ಮ ಕೆಲಸಕ್ಕೆ ಆ ಗೆರೆ ಸಾಲದು. ಬೆಳೆ ಒಂದೇ ದಿನದಲ್ಲಿ ಎಳೆಯುವ ನೀರಿನ ಅರ್ಧದಷ್ಟು ತುಂತುರು ಧೂಳು ಅಡಗಿಸಿ ಸಂಜೆಗೆ ಆವಿಯಾಗುತ್ತದೆ. ಒಂದು ದಿನ ಅಥವಾ ಬೆನ್ನುಬೆನ್ನಿಗೆ ಎರಡು ದಿನ ಸೇರಿ 10 ಮಿ.ಮೀ. ಬಿದ್ದರೆ ಮಾತ್ರ ಬಿಡುವು ಮುರಿಯಿತು ಎಂದು ನಾನು ಲೆಕ್ಕ ಹಾಕುತ್ತೇನೆ. ಚೌಕವಾರು ದತ್ತಾಂಶದ ಸುಳ್ಳು ತುಂತುರಿಗೂ ಇದೇ ಮದ್ದು. ಇನ್ನೊಂದು ತುದಿಯಲ್ಲಿ, ಒಂದೇ ರಾತ್ರಿ 90 ಮಿ.ಮೀ. ಸುರಿದರೂ 40 ಮಿ.ಮೀ. ಹಿಡಿಯುವ ಮಣ್ಣಿಗೆ ಅದು 40 ಮಾತ್ರ. ಉಳಿದದ್ದು ಹಳ್ಳದ ಪಾಲು. "ಈ ವರ್ಷ ವಾಡಿಕೆಗಿಂತ ಹೆಚ್ಚು ಮಳೆ, ಆದರೂ ಬೆಳೆ ಹೋಯಿತು" ಎಂಬ ಒಗಟು ಇಲ್ಲಿ ಬಿಡಿಸಿಕೊಳ್ಳುತ್ತದೆ.

ಎಣಿಸಿದಾಗ 30ರಲ್ಲಿ 13 ವರ್ಷ ಗುರುತು ಬಿದ್ದಿತು ಎಂದುಕೊಳ್ಳಿ. ಹತ್ತರಲ್ಲಿ ನಾಲ್ಕು ಸಲ ಆ ಹೊಲದ ಶೇಂಗಾ ಪೆಟ್ಟು ತಿನ್ನುತ್ತದೆ ಎಂದರ್ಥ. ಈಗ ಬಿತ್ತನೆಯನ್ನು 15 ದಿನ ಮುಂದೂಡಿದಂತೆ ಭಾವಿಸಿ ಮತ್ತೆ ಎಣಿಸಿ. ಬಳಿಕ ಶೇಂಗಾದ ಜಾಗದಲ್ಲಿ ಸಜ್ಜೆಯನ್ನೋ ತೊಗರಿಯನ್ನೋ ಇಟ್ಟು ಎಣಿಸಿ. ಇವುಗಳಲ್ಲಿ ಗುರುತುಗಳ ಸಂಖ್ಯೆ ಅರ್ಧಕ್ಕಿಳಿದರೆ ಬಿತ್ತನೆ ನಿರ್ಧಾರಕ್ಕೆ ಬೇಕಾದ ಮಾತು ಸಿಕ್ಕಿತು. ಹಾಗೆಂದು 12 ಮತ್ತು 14ರ ನಡುವೆ ಅರ್ಥ ಹುಡುಕಬೇಡಿ. 30 ವರ್ಷ ಸಣ್ಣ ಸಂಖ್ಯೆ. ಅಷ್ಟು ವ್ಯತ್ಯಾಸ ಬರಿಯ ಅದೃಷ್ಟದಿಂದಲೂ ಬರುತ್ತದೆ. 6 ಮತ್ತು 15ರ ನಡುವಿನದು ನಂಬಬಹುದಾದ ಅಂತರ.

ಗುರುತು ಬಿದ್ದ ವರ್ಷಗಳು ಒಂಟಿಯಾಗಿವೆಯೇ, ಬೆನ್ನುಬೆನ್ನಿಗೆ ಬಂದಿವೆಯೇ ಎಂದೂ ನೋಡಿ. 2001ರಿಂದ 2003ರವರೆಗೆ ಕರ್ನಾಟಕ ಸತತ ಮೂರು ವರ್ಷ ಬರ ಕಂಡಿತು. ಒಂದು ವರ್ಷದ ಬರವನ್ನು ಮನೆಯ ಕಾಳು, ಬಣವೆಯ ಮೇವು ದಾಟಿಸುತ್ತವೆ. ಎರಡನೇ ವರ್ಷಕ್ಕೆ ಎರಡೂ ಇರುವುದಿಲ್ಲ. ಜೋಡಿ ವರ್ಷಗಳಿಗೆ ಕೆಂಪು ಶಾಯಿ ಬಳಸಿ.

ಸರ್ಕಾರಿ ವರದಿಗಳಲ್ಲಿ ಕಾಣುವ ಎರಡು ಮಾತುಗಳನ್ನು ಇಲ್ಲೇ ಬಿಡಿಸಿಬಿಡುತ್ತೇನೆ. 'ಶೇಕಡಾ ವ್ಯತ್ಯಯ' ಎಂದರೆ ಬಿದ್ದ ಮಳೆ ವಾಡಿಕೆಗಿಂತ ಎಷ್ಟು ಕಡಿಮೆ ಅಥವಾ ಹೆಚ್ಚು ಎಂಬುದು. ಶೇ 19ರವರೆಗಿನ ಏರಿಳಿತ ಸಾಮಾನ್ಯ. ಶೇ 20ರಿಂದ 59ರಷ್ಟು ಕಡಿಮೆಯಾದರೆ ಕೊರತೆ. ಶೇ 60 ಮತ್ತು ಅದಕ್ಕಿಂತ ಹೆಚ್ಚಾದರೆ ತೀವ್ರ ಕೊರತೆ. 'ವಾಡಿಕೆ' ಯಾವ ವರ್ಷಗಳ ಸರಾಸರಿ ಎಂದು ಯಾವಾಗಲೂ ನೋಡಿ. ಹವಾಮಾನ ಇಲಾಖೆ 2022ರಿಂದ 1971–2020ರ ಸರಾಸರಿಯನ್ನು ಬಳಸುತ್ತಿದೆ. ಇನ್ನೊಂದು 'ಎಸ್‌ಪಿಐ', ಪ್ರಮಾಣೀಕೃತ ಮಳೆ ಸೂಚ್ಯಂಕ. ನಿಮ್ಮ ಜಾಗದ ಹಳೆಯ ಮಳೆಗಳ ಸಾಲಿನಲ್ಲಿ ಈ ವರ್ಷದ್ದು ಎಷ್ಟು ಅಪರೂಪ ಎಂದು ಅದು ಹೇಳುತ್ತದೆ. ಸೊನ್ನೆ ಎಂದರೆ ಎಂದಿನಂತೆ, ಮೈನಸ್ 1ಕ್ಕಿಂತ ಕೆಳಗೆ ಬರ, ಮೈನಸ್ 2ಕ್ಕಿಂತ ಕೆಳಗೆ ಘೋರ ಬರ. ಆಗುಂಬೆಯನ್ನೂ ಚಳ್ಳಕೆರೆಯನ್ನೂ ಒಂದೇ ಅಳತೆಯಲ್ಲಿ ಹೋಲಿಸಲು ಇದು ಒಳ್ಳೆಯ ಸಾಧನ. ಆದರೆ ನಾಜೂಕಿನ ಮೂರು ವಾರ ಒಣಗಿ, ತಿಂಗಳ ಕೊನೆಗೆ ಒಂದೇ ದಿನ ಧೋ ಎಂದು ಸುರಿದರೆ ತಿಂಗಳ ಎಸ್‌ಪಿಐ 'ಎಲ್ಲ ಸರಿಯಾಗಿದೆ' ಎನ್ನುತ್ತದೆ.

ಘೋಷಣೆ ತಡವಾಗಿ ಕಾಣುವುದಕ್ಕೂ ಇಲ್ಲೊಂದು ಕಾರಣ ಸಿಗುತ್ತದೆ. ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿಯಲ್ಲಿ 'ಶುಷ್ಕ ಅವಧಿ' ಎಂದರೆ ಸತತ ಮೂರು ನಾಲ್ಕು ವಾರ, ಪ್ರತಿ ವಾರವೂ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆ. ನಿಮ್ಮ ಕೆಂಪು ಮಣ್ಣು 12 ದಿನಕ್ಕೆ ಕೈಚೆಲ್ಲಿರುತ್ತದೆ. ಆ ಬಳಿಕವೂ ಬಿತ್ತನೆ ಪ್ರದೇಶ, ಹಸಿರು, ತೇವಾಂಶ, ಜಲಾಶಯ ಮುಂತಾದ ಸೂಚಕಗಳನ್ನು ನೋಡಿ, ಆಯ್ದ ಹಳ್ಳಿಗಳಲ್ಲಿ ಬೆಳೆ ಹಾನಿಯನ್ನು ಕಣ್ಣಾರೆ ಪರಿಶೀಲಿಸಬೇಕು. ಹಾನಿ ಶೇ 33 ದಾಟಿದರೆ ಸಾಧಾರಣ ಬರ, ಶೇ 50 ದಾಟಿದರೆ ತೀವ್ರ.

5. ನೆಲದಡಿಯ ನೀರು

ಮಳೆ ಹೋದ ಊರನ್ನು ಕೊಳವೆಬಾವಿ ಉಳಿಸುತ್ತದೆ ಎಂಬ ನಂಬಿಕೆಯನ್ನು ಅಳತೆಗೆ ಒಡ್ಡಿ. ಬಳಕೆಯಲ್ಲಿಲ್ಲದ ಒಂದೆರಡು ಬಾವಿ ಆರಿಸಿ, ಮೇ ಕೊನೆಗೊಮ್ಮೆ ಮತ್ತು ನವೆಂಬರ್ ಕೊನೆಗೊಮ್ಮೆ ನೀರಿನ ಮಟ್ಟ ಅಳೆಯಿರಿ. ಬೆಳಗ್ಗೆ, ಅಕ್ಕಪಕ್ಕದ ಪಂಪುಗಳು ಶುರುವಾಗುವ ಮುನ್ನವೇ ಹಗ್ಗ ಇಳಿಬಿಡಿ. ಮಧ್ಯಾಹ್ನ ಅಳೆದ ಮಟ್ಟ ಪಕ್ಕದವರ ಪಂಪಿನ ಕಥೆ ಹೇಳುತ್ತದೆ. ಅಟಲ್ ಭೂಜಲ ಯೋಜನೆ ನಡೆದ ಪಂಚಾಯಿತಿಗಳಲ್ಲಿ ಇಂಥ ಅಳತೆಗಳ ದಾಖಲೆ ಸಿಗಬಹುದು, ವಿಚಾರಿಸಿ.

ನಮ್ಮ ಗಟ್ಟಿ ಕಲ್ಲಿನ ನೆಲ ಹಿಡಿಯುವ ನೀರು ಬಹಳ ಕಡಿಮೆ. ಕಲ್ಲು ಕೊಳೆತ ಪದರದಲ್ಲಿ ನೂರು ಪಾಲಿಗೆ ಒಂದರಿಂದ ಮೂರು ಪಾಲು ಮಾತ್ರ ಹೊರಗೆ ಬರುವ ನೀರು. ಎರಡು ಪಾಲು ಎಂದಿಟ್ಟುಕೊಂಡರೆ, ನೀರಿನ ಮಟ್ಟ ಒಂದು ಮೀಟರ್ ಏರಿದ್ದು ಕೇವಲ 20 ಮಿ.ಮೀ. ನೀರಿಗೆ ಸಮ: ಎಕರೆಯಡಿಯಲ್ಲಿ ಸುಮಾರು 80,000 ಲೀಟರ್. ಒಂದು ಎಕರೆಗೆ ಹದವಾಗಿ ಒಮ್ಮೆ ನೀರು ಹಾಯಿಸಲು, ಅಂದರೆ 50 ಮಿ.ಮೀ. ಕೊಡಲು, ಎರಡು ಲಕ್ಷ ಲೀಟರ್ ಬೇಕು. "ಬಾವಿ ಒಂದಾಳು ಏರಿದೆ, ಈ ವರ್ಷ ಚಿಂತೆಯಿಲ್ಲ" ಎನ್ನುವ ಮುನ್ನ ಈ ಭಾಗಾಕಾರ ಮಾಡಿ.

ತಾಲ್ಲೂಕಿನ ಸ್ಥಿತಿಗೆ ಅಂತರ್ಜಲ ವರ್ಗೀಕರಣ ನೋಡಿ. ವರ್ಷಕ್ಕೆ ತೆಗೆಯಬಹುದಾದ ನೀರಿನಲ್ಲಿ ಶೇ 70ರವರೆಗೆ ತೆಗೆಯುತ್ತಿದ್ದರೆ 'ಸುರಕ್ಷಿತ', ಶೇ 90ರವರೆಗೆ 'ಅರೆ ಕ್ಲಿಷ್ಟ', ಶೇ 100ರವರೆಗೆ 'ಕ್ಲಿಷ್ಟ', ಅದಕ್ಕೂ ಮೀರಿದರೆ 'ಅತಿಬಳಕೆ'. ಅತಿಬಳಕೆಯ ತಾಲ್ಲೂಕಿನಲ್ಲಿ ಕೊಳವೆಬಾವಿಯನ್ನು ಬರಕ್ಕೆ ಆಸರೆ ಎಂದು ಬರೆದುಕೊಳ್ಳಬೇಡಿ.

ಈಗ ಕುಡಿಯುವ ನೀರು. ಜಲಜೀವನ್ ಯೋಜನೆಯ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್. 1,500 ಜನರಿಗೆ 82,500 ಲೀಟರ್. 400 ದನಗಳಿಗೆ ತಲಾ 40 ಲೀಟರ್ ಹಿಡಿದರೂ ಇನ್ನೊಂದು 16,000. ಒಟ್ಟು ಲಕ್ಷದ ಹತ್ತಿರ. ಬೇಸಿಗೆಯಲ್ಲಿ ಪಂಚಾಯಿತಿ ಕೊಳವೆಬಾವಿಯ ಕೆಳಗೆ 200 ಲೀಟರ್ ಡ್ರಮ್ ಇಟ್ಟು ತುಂಬಲು ಎಷ್ಟು ಹೊತ್ತು ಬೇಕು ನೋಡಿ. ಎರಡೂವರೆ ನಿಮಿಷ ಹಿಡಿದರೆ ಗಂಟೆಗೆ 4,800 ಲೀಟರ್; ಏಳು ಗಂಟೆ ಮೂರು ಫೇಸ್ ವಿದ್ಯುತ್ ಸಿಕ್ಕರೆ 33,600. ಇಂಥ ಮೂರು ಬಾವಿ ಬೇಕು, ಒಂದು ಕೆಟ್ಟರೆ ಊರು ಟ್ಯಾಂಕರ್ ಕಾಯಬೇಕು. ನೀರು ಬಿಟ್ಟು ಬಿಟ್ಟು ಬರತೊಡಗುವ ತಿಂಗಳನ್ನು ಪ್ರತಿ ವರ್ಷ ಬರೆದಿಡಿ. ಆ ತಿಂಗಳು ವರ್ಷದಿಂದ ವರ್ಷಕ್ಕೆ ಹಿಂದಕ್ಕೆ ಸರಿಯುತ್ತಿದ್ದರೆ ಬೇರೆ ಸೂಚ್ಯಂಕ ಬೇಕಿಲ್ಲ.

ಕೆರೆ ಕೋಡಿ ಬಿದ್ದ ವರ್ಷಗಳ ಪಟ್ಟಿಯನ್ನೂ ಮಾಡಿ. ಆದರೆ ತುಂಬಿದ ಕೆರೆ ನೋಡಿ ಮರುಳಾಗಬೇಡಿ, ನೀರು ಎಲ್ಲಿಂದ ಬಂತು ಎಂದು ಕೇಳಿ. ಕೋಲಾರ ಜಿಲ್ಲೆಯ ಹಲವು ಕೆರೆಗಳಿಗೆ 2018ರಿಂದ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಹರಿಯುತ್ತಿದೆ. ಅಲ್ಲಿ ಬಾವಿ ಏರಿದ್ದು ಮಳೆ ಚೆನ್ನಾಗಿದ್ದುದಕ್ಕೆ ಸಾಕ್ಷಿಯಾಗಲಾರದು, ಪಕ್ಕದ ಹೊಲದ ಬರಕ್ಕೂ ಅದು ಉತ್ತರವಲ್ಲ.

ಮಳೆ ಕೈಕೊಡುವುದಕ್ಕೂ ನಲ್ಲಿ ಬತ್ತುವುದಕ್ಕೂ ನಡುವೆ ತಿಂಗಳುಗಳ ಅಂತರವಿರುತ್ತದೆ ಎಂಬುದೂ ನೆನಪಿರಲಿ. ಮಳೆ ಹೋದದ್ದು 2023ರ ಆಗಸ್ಟ್‌ನಲ್ಲಿ. ಬೆಂಗಳೂರಿನ ಬಡಾವಣೆಗಳಲ್ಲಿ ಕೊಳವೆಬಾವಿ ಬತ್ತಿ ಟ್ಯಾಂಕರ್‌ಗೆ ಸಾಲು ಹಚ್ಚಿದ್ದು 2024ರ ಫೆಬ್ರುವರಿ, ಮಾರ್ಚ್‌ನಲ್ಲಿ.

6. ಮೇವು ಮತ್ತು ಮನೆ

ಮೇವಿನ ಲೆಕ್ಕ ಸುಲಭ: ದೊಡ್ಡ ದನಕ್ಕೆ ದಿನಕ್ಕೆ ಸುಮಾರು 6 ಕಿಲೋ ಒಣಮೇವು. 400 ದನವಿದ್ದರೆ ವಾರಕ್ಕೆ ಸುಮಾರು 17 ಟನ್. ಬಣವೆಗಳನ್ನು ಅಂದಾಜು ಮಾಡಿ ಎಷ್ಟು ವಾರಕ್ಕಿದೆ ಎಂದು ಬರೆಯಿರಿ. ಜನವರಿಯಲ್ಲಿ ಹತ್ತು ವಾರಕ್ಕೆ ಮಾತ್ರ ಇದ್ದರೆ ಏಪ್ರಿಲ್‌ನಲ್ಲಿ ದನ ಸಂತೆಗೆ ಹೋಗುತ್ತವೆ, ಅದೂ ಅರ್ಧ ಬೆಲೆಗೆ.

ಮನೆಗಳ ವಿಷಯ ನಾಜೂಕಾಗಿ ನಡೆಸಬೇಕು. ಯಾರಿಗೆ ಎಷ್ಟು ಸಾಲವಿದೆ ಎಂದು ಊರ ಕಟ್ಟೆಯಲ್ಲಿ ಕೂತು ಕೇಳಬೇಡಿ. ನೀರಾವರಿ ಇಲ್ಲದವರು, ಕೋರಿಗೆ (ಬೆಳೆಯ ಪಾಲಿಗೆ) ಅಥವಾ ಗುತ್ತಿಗೆಗೆ ಮಾಡುವವರು, ಕೂಲಿಯನ್ನೇ ನಂಬಿದವರು, ಒಂಟಿ ಮಹಿಳೆಯರು ನಡೆಸುವ ಮನೆಗಳು ಎಷ್ಟಿವೆ ಎಂಬ ಎಣಿಕೆ ಸಾಕು. ಪರಿಹಾರದ ಹಣ ಪಹಣಿಯಲ್ಲಿ ಹೆಸರಿದ್ದವರಿಗೆ ಹೋಗುತ್ತದೆ. ಕೋರಿನವನ ನಷ್ಟ ಯಾವ ಕಾಗದದಲ್ಲೂ ಇರುವುದಿಲ್ಲ. ರಾಯಚೂರು, ಯಾದಗಿರಿ ಕಡೆಯವರಿಗೆ ಇನ್ನೊಂದು ಅಳತೆ ಗೊತ್ತಿದೆ: ಗುಳೆ. ಸಾಮಾನ್ಯ ವರ್ಷದಲ್ಲಿ ಯಾವ ತಿಂಗಳು ಮನೆಗಳಿಗೆ ಬೀಗ ಬೀಳುತ್ತದೆ, ಕೆಟ್ಟ ವರ್ಷದಲ್ಲಿ ಯಾವಾಗ ಎಂದು ಶಾಲೆಯ ಹಾಜರಿ ಪುಸ್ತಕವೇ ಹೇಳುತ್ತದೆ.

7. ಉಪಗ್ರಹದ ಚಿತ್ರದೊಂದಿಗೆ ತಾಳೆ ನೋಡಿ, ಆದರೆ ಅದನ್ನೇ ನಂಬಬೇಡಿ

'ಎನ್‌ಡಿವಿಐ' ಎಂದರೆ ನೆಲದ ಮೇಲಿನ ಹಸಿರನ್ನು ಉಪಗ್ರಹದಿಂದ ಅಳೆದು ಕೊಡುವ ಅಂಕಿ. ಇಸ್ರೋದ ಭುವನ್ ತಾಣದಲ್ಲಿ ಇಂಥ ನಕ್ಷೆಗಳು ಸಿಗುತ್ತವೆ. ನೀವು ಗುರುತು ಹಾಕಿದ ವರ್ಷಗಳಲ್ಲಿ ಊರು ಬೋಳಾಗಿ ಕಾಣುತ್ತದೆಯೇ ಎಂದು ನೋಡಿ. ಕಂಡರೆ ಲೆಕ್ಕಕ್ಕೆ ಬೆಂಬಲ ಸಿಕ್ಕಿತು. ಕಾಣದಿದ್ದರೆ ಎಣಿಕೆ ತಪ್ಪು ಎಂದು ಕೂಡಲೇ ತೀರ್ಮಾನಿಸಬೇಡಿ. ಬಳ್ಳಾರಿ ಜಾಲಿ, ನೀಲಗಿರಿ ತೋಪು, ಕೊಳವೆಬಾವಿಯ ಅಡಿಕೆ ತೋಟ, ಹೊಲದ ಕಳೆ ಎಲ್ಲವೂ ಆಕಾಶದಿಂದ ಹಸಿರೇ. 2023ರಲ್ಲಿ ರಾಜ್ಯ ಸರ್ಕಾರ ಕೇಂದ್ರದ ತಂಡದ ಮುಂದೆ ವಾದಿಸಿದ 'ಹಸಿರು ಬರ' ಇದೇ: ತಡವಾಗಿ ಬಿದ್ದ ಮಳೆಗೆ ಗಿಡ ಹಸಿರಾಗಿ ನಿಂತಿದೆ, ತೆನೆಯಲ್ಲಿ ಕಾಳಿಲ್ಲ. ಗಿಡ ಕಿತ್ತು ಕಾಯಿ ಎಣಿಸುವ ಕೆಲಸವನ್ನು ಉಪಗ್ರಹ ಮಾಡುವುದಿಲ್ಲ.

8. ಒಂದು ಹಾಳೆಗೆ ಇಳಿಸಿ

ಎಲ್ಲಕ್ಕೂ ಅಂಕ ಕೊಟ್ಟು ಕೂಡಿಸಿ 'ನಮ್ಮ ಊರಿನ ಬರ ಸೂಚ್ಯಂಕ 67' ಎಂದು ಬರೆಯುವ ಆಸೆ ಬರುತ್ತದೆ. ತಡೆದುಕೊಳ್ಳಿ. ಮೇವಿಗೆ 10 ಅಂಕವೋ 20 ಅಂಕವೋ ಎಂದು ನಿರ್ಧರಿಸಿದವರು ಯಾರು? 67 ಎಂಬ ಸಂಖ್ಯೆ ನೋಡಿ ಯಾರೂ ಬೀಜ ಬದಲಿಸುವುದಿಲ್ಲ. ಅದರ ಬದಲು ಸಾಲುಗಳಲ್ಲಿ ಬರೆಯಿರಿ:

ಮೇಲಿನ ಕೇರಿಯ ಕೆಂಪು ಹೊಲ: ತಾಳಿಕೆ 12 ದಿನ, ಶೇಂಗಾಕ್ಕೆ 30ರಲ್ಲಿ 13 ವರ್ಷ ಪೆಟ್ಟು, ಜೋಡಿ ವರ್ಷ 3 ಸಲ.
ಹಳ್ಳದ ಎರೆ ಹೊಲ: ಸೆಪ್ಟೆಂಬರ್ ಕೊನೆಗೆ ಎರಡಡಿ ನೆನೆಯದ ವರ್ಷ 30ರಲ್ಲಿ 7.
ಕುಡಿಯುವ ನೀರು: ಮಳೆ ಹೋದ ವರ್ಷ ಮಾರ್ಚ್ ಎರಡನೇ ವಾರದವರೆಗೆ.
ಮೇವು: ಜನವರಿಯಿಂದ 10 ವಾರ.

ಅಂಕಿಗಳು ಮಾದರಿಗಷ್ಟೇ, ನಿಮ್ಮವನ್ನು ತುಂಬಿಕೊಳ್ಳಿ. ಯಾವ ಸಾಲಿನಲ್ಲಿ ತಾಳಿಕೆ ಅತಿ ಕಡಿಮೆಯೋ ಮೊದಲ ಖರ್ಚು ಅಲ್ಲಿಗೆ. ಮೇಲಿನ ಮಾದರಿಯಲ್ಲಿ ಹೊಸ ಕೊಳವೆಬಾವಿಗಿಂತ ಕೆಂಪು ಹೊಲದ ಬದು, ಕೃಷಿ ಹೊಂಡ, ಬಿತ್ತನೆಯ ದಿನ ಮುಖ್ಯ.

ಮುಂಗಾರಿನ ಮುನ್ಸೂಚನೆಯನ್ನು ಈ ಹಾಳೆಯ ಜೊತೆಗೆ ಓದಿ, ಹಾಳೆಯ ಬದಲಿಗೆ ಓದಬೇಡಿ. ಏಪ್ರಿಲ್‌ನಲ್ಲಿ ಬರುವ ಮುನ್ಸೂಚನೆ ಇಡೀ ದೇಶದ್ದು, ನಿಮ್ಮ ಹೋಬಳಿಯದಲ್ಲ. ಪೆಸಿಫಿಕ್ ಸಾಗರದ ನೀರು ಬಿಸಿಯಾಗುವ 'ಎಲ್ ನಿನೊ' ವರ್ಷಗಳಲ್ಲಿ ಮುಂಗಾರು ಕುಗ್ಗುವ ಸಂಭವ ಹೆಚ್ಚು. 2002, 2009, 2015, 2023 ಹಾಗೆಯೇ ಆದವು. ಆದರೆ 1997ರಲ್ಲಿ ಪ್ರಬಲ ಎಲ್ ನಿನೊ ಇದ್ದೂ ದೇಶದ ಮುಂಗಾರು ವಾಡಿಕೆಯಷ್ಟೇ ಬಂದಿತ್ತು. ಎಲ್ ನಿನೊ ಸುದ್ದಿ ಬಂದ ವರ್ಷ ತಾಳಿಕೆ ಕಡಿಮೆಯಿರುವ ಹೊಲದಲ್ಲಿ ಸಾಲ ಮಾಡಿ ಮೆಕ್ಕೆಜೋಳ ಹಾಕಬೇಡಿ, ಅಷ್ಟು ಸಾಕು.

ಬೆಳೆ ವಿಮೆಯ ನಿಯಮಗಳು ಬೇರೆ, ಬರ ಘೋಷಣೆಯ ನಿಯಮಗಳು ಬೇರೆ. ತಾಲ್ಲೂಕು ಬರಪೀಡಿತವಾದ ಮಾತ್ರಕ್ಕೆ ವಿಮೆ ಬರುವುದಿಲ್ಲ, ಘೋಷಣೆಯಾಗದಿದ್ದರೆ ವಿಮೆ ತಪ್ಪುವುದೂ ಇಲ್ಲ. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ನಿಮ್ಮ ವಿಮಾ ಘಟಕದ, ಅಂದರೆ ವಿಮೆಗೆಂದು ಗುರುತಿಸಿದ ಪ್ರದೇಶದ, ಇಳುವರಿ ಮುಖ್ಯ. ಕೊನೆಯ ದಿನಾಂಕ ಬೆಳೆಯಿಂದ ಬೆಳೆಗೆ ಬೇರೆಯಾಗಿರುತ್ತದೆ. ರೈತ ಸಂಪರ್ಕ ಕೇಂದ್ರದಲ್ಲಿ ಮೇ ತಿಂಗಳಲ್ಲೇ ಕೇಳಿಕೊಳ್ಳಿ. ರಾಜ್ಯದ ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿಗೆ ಯಾವ ಬೆಳೆ ನಮೂದಾಗಿದೆ ಎಂದು ತಪ್ಪದೆ ನೋಡಿ. ಹೊಲದಲ್ಲಿ ಶೇಂಗಾ, ದಾಖಲೆಯಲ್ಲಿ ತೊಗರಿ ಇದ್ದರೆ ಮುಂದಿನ ಜಗಳವೆಲ್ಲ ಅಲ್ಲಿಂದಲೇ ಶುರು.

ಹಾಳೆಯ ಒಂದು ಪ್ರತಿಯನ್ನು ಗ್ರಾಮಸಭೆಯಲ್ಲಿ ಓದಿ ನಡಾವಳಿಗೆ ಸೇರಿಸಿ. ಇನ್ನೊಂದನ್ನು ಗ್ರಾಮ ಆಡಳಿತ ಅಧಿಕಾರಿಗೂ ರೈತ ಸಂಪರ್ಕ ಕೇಂದ್ರಕ್ಕೂ ಸ್ವೀಕೃತಿ ಪಡೆದು ಕೊಡಿ. ಬೆಳೆ ಹಾನಿ ನೋಡಲು ತಂಡ ಬಂದಾಗ ಅವರನ್ನು ರಸ್ತೆ ಬದಿಯ ತೋಟಕ್ಕೆ ಕರೆದೊಯ್ಯುವ ಬದಲು, ತಾಳಿಕೆ ಅತಿ ಕಡಿಮೆ ಎಂದು ನೀವೇ ಗುರುತಿಸಿದ ಸರ್ವೆ ನಂಬರುಗಳ ಪಟ್ಟಿ ಕೈಗಿಟ್ಟು, ಊರಿನ ಮಾಪಕದ ದಿನವಾರು ಪುಸ್ತಕ ತೋರಿಸಿ. ಪ್ರತಿ ಏಪ್ರಿಲ್‌ನಲ್ಲಿ ಹಳೆಯ ಸಾಲುಗಳನ್ನು ಅಳಿಸದೆ, ಕೆಳಗೆ ಹೊಸ ವರ್ಷದ ಸಾಲು ಸೇರಿಸುತ್ತಾ ಹೋಗಿ.